ಬಿಚ್ಚಲು ಬಾರದ ಯಂತ್ರ ಯಾರದು?

ಹಳೆಯ ಟಿಲ್ಲರು, ಹಳೆಯ ಟ್ರಾಕ್ಟರು, ಹಳೆಯ ಜೀಪು ಇಟ್ಟುಕೊಂಡವರನ್ನು ಕಂಡರೆ ಈಗ ಎಲ್ಲರಿಗೂ ಒಂದು ಬಗೆಯ ಕನಿಕರ. "ಇನ್ನೂ ಆ ಗುಜರಿ ಮಾರಲಿಲ್ಲವಾ?" ಎಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂತು ಕೇಳುವ ನೆಂಟರಿದ್ದಾರೆ. ಸಾಲ ಕೊಡಲು ಉತ್ಸುಕರಾದ ಬ್ಯಾಂಕಿನವರಂತೂ ಕೇಳಿಯೇ ಕೇಳುತ್ತಾರೆ. ಇವರಿಗೆಲ್ಲ ನನ್ನದೊಂದು ಮರುಪ್ರಶ್ನೆ ಇದೆ. ನಿಮ್ಮ ಹೊಸ ಯಂತ್ರ ಗದ್ದೆಯ ನಡುವೆ ಕೆಟ್ಟು ನಿಂತರೆ ಅದನ್ನು ಬಿಚ್ಚಿ ನೋಡಲು ನಿಮಗೆ ಸಾಧ್ಯವೇ? ಇಲ್ಲ ಎನ್ನುವುದಾದರೆ ಅದು ನಿಮ್ಮದು ಹೇಗಾಯಿತು? ಅದರ ಸಾಲ ಮಾತ್ರ ನಿಮ್ಮದು.

ನನ್ನ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ 13 ಅಶ್ವಶಕ್ತಿಯ ಒಂದು ಟಿಲ್ಲರೂ ಒಂದು ಡೀಸೆಲ್ ಜೀಪೂ ಇವೆ. ಎರಡಕ್ಕೂ ವಯಸ್ಸಾಗಿದೆ. ಹಳೆಯ ಡೀಸೆಲ್ ಇಂಜಿನ್ನು ಬೇಡುವುದು ಮೂರೇ ಪದಾರ್ಥ: ಶುದ್ಧ ಗಾಳಿ, ಶುದ್ಧ ಡೀಸೆಲ್, ಹೊತ್ತಿಗೆ ಸರಿಯಾಗಿ ಬದಲಾಯಿಸಿದ ಆಯಿಲು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಇಂಜಿನ್ನು ನಿಂತರೆ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಡೀಸೆಲ್ ಹರಿಯಬಿಟ್ಟು ಮತ್ತೆ ಬಿಗಿದರಾಯಿತು. ಗದ್ದೆ ಕೆಲಸ ಮುಗಿದ ಮೇಲೆ ಕೆಸರು ತೊಳೆದು, ಗ್ರೀಸು ತುಂಬಿ, ಆಯಿಲ್ ಸೀಲಿನೊಳಗೆ ನೀರು ಹೋಗಿದೆಯೇ ಎಂದು ನೋಡಬೇಕು. ಲೈನರು, ರಿಂಗು ಸವೆದರೆ ಹೊಸತು ಹಾಕಬಹುದು. ಬುಷ್ ಸವೆದರೆ ಪೇಟೆಯ ಲೇಥಿನವನು ಅರ್ಧ ದಿನದಲ್ಲಿ ಕಡೆದು ಕೊಡುತ್ತಾನೆ. ಇಂಜಿನ್ನಿನ ಮೇಲೆ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಯಾವ ಬೇರಿಂಗು ಹೋಗಿದೆಯೆಂದು ಹೇಳುವ ಮೇಸ್ತ್ರಿಗಳನ್ನು ನಾನು ಕಂಡಿದ್ದೇನೆ. ವೈದ್ಯರ ಸ್ಟೆತಾಸ್ಕೋಪಿಗೆ ಸಲ್ಲುವ ಗೌರವ ಆ ಸ್ಕ್ರೂಡ್ರೈವರಿಗೂ ಸಲ್ಲಬೇಕು.

ಇದು ಹಳತರ ಮೇಲಿನ ಮೋಹದ ಮಾತಲ್ಲ. ಈ ಯಂತ್ರಗಳನ್ನು ಮಾಡಿದವರು ಅವು ಕೆಡುತ್ತವೆಂದು ಮೊದಲೇ ಒಪ್ಪಿಕೊಂಡು ಮಾಡಿದ್ದರು. ಎರಡನೆಯ ಮಹಾಯುದ್ಧದ ಜೀಪನ್ನೇ ನೋಡಿ. ವಿಲ್ಲಿಸ್ ಮತ್ತು ಫೋರ್ಡ್ ಎಂಬ ಎರಡು ಬೇರೆ ಬೇರೆ ಕಂಪನಿಗಳು 1945ರೊಳಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದವು. ಒಂದರ ಭಾಗ ಇನ್ನೊಂದಕ್ಕೆ ಕೂರುವಂತಿರಬೇಕೆಂಬುದು ಸೈನ್ಯದ ಕರಾರು. ರಣರಂಗದಲ್ಲಿ ಕಂಪನಿಯ ಮನುಷ್ಯನಿಗಾಗಿ ಕಾಯುತ್ತ ಕೂರಲಾಗುತ್ತದೆಯೇ? ಆ ವಿಲ್ಲಿಸ್ ಜೀಪನ್ನೇ 1947ರಿಂದ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಅದರ ಸಂತತಿಯೇ ನಮ್ಮ ಮಲೆನಾಡಿನ ಘಾಟಿಗಳಲ್ಲಿ ಗೊಬ್ಬರ, ಅಡಿಕೆ ಮೂಟೆ, ಬಸುರಿ ಹೆಂಗಸರು ಎಲ್ಲವನ್ನೂ ಹೊತ್ತಿದ್ದು.

ಇನ್ನೊಂದು ಉದಾಹರಣೆ ನಮ್ಮ ಬೆಂಗಳೂರಿನ ಎಚ್ಚೆಮ್ಟಿಯದು. ಅದು 1971ರಲ್ಲಿ ಚೆಕೊಸ್ಲೊವಾಕಿಯಾದ ಝೆಟರ್ ಕಂಪನಿಯ ನೆರವಿನಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರು ಮಾಡಲು ಶುರುಮಾಡಿತು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆಗೆ ಬೀಗ ಬಿದ್ದರೂ ಎಚ್ಚೆಮ್ಟಿ ಟ್ರಾಕ್ಟರುಗಳು ಹೊಲದಲ್ಲಿ ಉಳುತ್ತಲೇ ಇವೆ. ಲೂಧಿಯಾನಾ, ರಾಜಕೋಟಗಳಂಥ ಊರುಗಳ ಸಣ್ಣಪುಟ್ಟ ಕಾರ್ಖಾನೆಗಳು ಟ್ರಾಕ್ಟರಿನ ಬಿಡಿಭಾಗ ಮಾಡುತ್ತವೆ, ಊರೂರಿನ ಮೇಸ್ತ್ರಿಗಳು ಕೂರಿಸುತ್ತಾರೆ. ಬೀಗದ ಕೈ ಕಂಪನಿಯ ಬಳಿಯೇ ಉಳಿದಿದ್ದರೆ ಕಂಪನಿಯ ಜೊತೆ ಅಷ್ಟೂ ಟ್ರಾಕ್ಟರುಗಳು ಸಹಗಮನ ಮಾಡಬೇಕಾಗಿತ್ತು.

ಈಗ ಹೊಸ ಕಾಲದ ಕಥೆಗೆ ಬರೋಣ. ನಮ್ಮ ನೆರೆಯವರೊಬ್ಬರು ದೊಡ್ಡದೊಂದು ಹೊಸ ಟ್ರಾಕ್ಟರು ತಂದರು. ನಟ್ಟಿಯ ಹಂಗಾಮಿನಲ್ಲಿ ಅದರ ಮೀಟರು ಹಲಗೆಯ ಮೇಲೆ ಕೆಂಪು ದೀಪ ಹತ್ತಿತು, ಟ್ರಾಕ್ಟರು ನಿಂತಿತು. ಪೇಟೆಯ ಮೇಸ್ತ್ರಿ ಸಾಬರು ಬಂದು ಸುತ್ತು ಹಾಕಿ ಕೈ ಚೆಲ್ಲಿದರು. "ಗೌಡ್ರೇ, ಇದ್ರ ಬಾಯಿ ಕಂಪನಿಯೋರ ಹತ್ರ ಇದೆ. ನಾವು ಎಷ್ಟು ಕೇಳಿದ್ರೂ ಏನಾಗಿದೆ ಅಂತ ಹೇಳಲ್ಲ" ಎಂದರು. ಷೋರೂಮಿಗೆ ಫೋನು ಮಾಡಿದರೆ ಕಂಪ್ಯೂಟರು ಹಚ್ಚಿ ನೋಡುವ ಹುಡುಗ ಬೇರೆ ತಾಲ್ಲೂಕಿಗೆ ಹೋಗಿದ್ದಾನೆ ಎಂಬ ಉತ್ತರ. ಅವನು ಬಂದದ್ದು ಆರನೆಯ ದಿನ. ಕೆಟ್ಟದ್ದು ಒಂದು ಸಣ್ಣ ಸೆನ್ಸರು. ಆದರೆ ಮಳೆ ಆರು ದಿನ ಕಾಯುವುದಿಲ್ಲ, ಮಡಿಯಲ್ಲಿದ್ದ ಸಸಿಯೂ ಕಾಯುವುದಿಲ್ಲ. ಬಲಿತ ಸಸಿ ನೆಟ್ಟರೆ ತೆಂಡೆ ಒಡೆಯುವುದು ಕಡಿಮೆ. ಆ ವರ್ಷ ಅವರ ಗದ್ದೆಯ ಬತ್ತ ನೋಡಿದವರಿಗೆ ಸೆನ್ಸರಿನ ಬೆಲೆ ಎಷ್ಟೆಂದು ಗೊತ್ತಾಯಿತು.

ಇದು ನಮ್ಮ ಹಳ್ಳಿಯವರ ಗೊಣಗಾಟವೆಂದು ತಳ್ಳಿಹಾಕುವವರು ಅಮೆರಿಕದ ಕಡೆ ನೋಡಲಿ. ಅಲ್ಲಿನ ಜಾನ್ ಡೀರ್ ಕಂಪನಿ ರಿಪೇರಿಯ ಪೂರ್ಣ ತಂತ್ರಾಂಶವನ್ನು ತನ್ನ ಡೀಲರುಗಳಿಗೆ ಮಾತ್ರ ಕೊಡುತ್ತದೆಂದು ಆರೋಪಿಸಿ 2025ರ ಜನವರಿಯಲ್ಲಿ ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ನೇ ದಾವೆ ಹೂಡಿತು. ರೈತರು ತಮ್ಮ ಯಂತ್ರವನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ ಕೊಲರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿತು. 2022ರಲ್ಲಿ ಉಕ್ರೇನಿನ ಮೆಲಿಟೊಪೋಲ್ ಪಟ್ಟಣದಿಂದ ರಷ್ಯದ ಸೈನಿಕರು ಇದೇ ಕಂಪನಿಯ ಯಂತ್ರಗಳನ್ನು ಕದ್ದು ಚೆಚೆನ್ಯಾಕ್ಕೆ ಸಾಗಿಸಿದಾಗ ಅವುಗಳಿಗೆ ದೂರದಿಂದಲೇ ಬೀಗ ಜಡಿಯಲಾಯಿತು. ಕಳ್ಳರಿಗೆ ತಕ್ಕ ಶಾಸ್ತಿಯಾಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಹೆದರಿಕೆಯಾಯಿತು. ಕಳ್ಳನ ಯಂತ್ರಕ್ಕೆ ಬೀಗ ಹಾಕಬಲ್ಲ ಕೈ ಕಂತು ತಪ್ಪಿದ ರೈತನ ಯಂತ್ರಕ್ಕೂ ಹಾಕಬಲ್ಲುದು.

ಹಳೆಯ ಯಂತ್ರ ಹೊಗೆ ಉಗುಳುತ್ತದೆ, ಅದರ ಬ್ರೇಕು ನಂಬುವಂತಿಲ್ಲ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಹಾಗಾದರೆ ಹೊಗೆಯನ್ನು ಅಳೆಯಿರಿ, ಬ್ರೇಕನ್ನು ಪರೀಕ್ಷಿಸಿರಿ, ಪಾಸಾಗದ್ದನ್ನು ರಸ್ತೆಗೆ ಬಿಡಬೇಡಿ. ಆದರೆ 2021ರ ಗುಜರಿ ನೀತಿ ಬಂದಮೇಲೆ ಜಾತಕವೇ ಮುಖ್ಯವಾಗಿಬಿಟ್ಟಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ ಒಮ್ಮೆಗೇ 5,000ಕ್ಕೆ ಏರಿತು. ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲ ಮಾಡಿನಲ್ಲಿ ನಿಲ್ಲುವ ಯಂತ್ರಕ್ಕೂ ಹಗಲು ರಾತ್ರಿ ಓಡುವ ಬಾಡಿಗೆ ವಾಹನಕ್ಕೂ ಒಂದೇ ಕ್ಯಾಲೆಂಡರು ನ್ಯಾಯವೇ? 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಬಂತು. ಬರಲಿ, ಒಳ್ಳೆಯದೇ. ಹೊಗೆ ಕಡಿಮೆ ಮಾಡಲು ಸೆನ್ಸರು ಬೇಕಾಗಬಹುದು. ಆ ಸೆನ್ಸರಿನ ಗುಟ್ಟನ್ನು ಸಾಬರಿಂದ ಮುಚ್ಚಿಡಬೇಕೆಂದು ಯಾವ ಹೊಗೆ ನಿಯಮವೂ ಹೇಳುವುದಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ನೇಮಿಸಿ, ಕೃಷಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಸಮಿತಿಯಾಯಿತು, ಜಾಲತಾಣವೂ ಆಯಿತು. ಆದರೆ ಗ್ಯಾರೇಜಿಗೆ ಏನು ಬಂತು? ಟಿಲ್ಲರು ಕೊಳ್ಳುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಅದು ನಮ್ಮ ನಿಮ್ಮ ತೆರಿಗೆಯ ಹಣ. ದುಡ್ಡು ಕೊಡುವವನಿಗೆ ಷರತ್ತು ಹಾಕುವ ಅಧಿಕಾರವೂ ಇದೆ. ಯಂತ್ರದ ಜೊತೆ ರಿಪೇರಿ ಪುಸ್ತಕವನ್ನು ಕನ್ನಡದಲ್ಲಿ ಕೊಡದ, ಬಿಡಿಭಾಗಗಳನ್ನು ಬಹುಕಾಲ ಒದಗಿಸುವ ಭರವಸೆ ಕೊಡದ, ದೋಷ ಹುಡುಕುವ ಉಪಕರಣವನ್ನು ಹಳ್ಳಿಯ ಮೇಸ್ತ್ರಿಗೂ ಮಾರದ ಕಂಪನಿಗೆ ಸಹಾಯಧನದ ಒಂದು ಪೈಸೆಯೂ ಸಲ್ಲಬಾರದು.

ಇದರಲ್ಲಿ ಅವಸರವೂ ಇದೆ. ಕಿವಿಯಿಂದಲೇ ಬೇರಿಂಗು ಹಿಡಿಯುವ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಕೈಗೆ ಮಸಿ ಮೆತ್ತಿಕೊಳ್ಳಲು ಅವರ ಮಕ್ಕಳಿಗೆ ಮನಸ್ಸಿಲ್ಲ. ಬಿಚ್ಚಲು ಬರುವ ಯಂತ್ರ ಬಾರದೆ ಹೋದರೆ ಆ ವಿದ್ಯೆ ಕಲಿಯಬೇಕೆಂದು ಯಾರಿಗೆ ಅನ್ನಿಸೀತು? ನೀವು ನಾಳೆ ಟ್ರಾಕ್ಟರು ಕೊಳ್ಳಲು ಹೋದಾಗ ಬಣ್ಣ, ಬೆಲೆ ವಿಚಾರಿಸುವ ಮೊದಲು ನಿಮ್ಮೂರಿನ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಇದನ್ನು ನಾನು ರಿಪೇರಿ ಮಾಡಬಲ್ಲೆ ಎಂದು ಅವನು ಹೇಳಿದ ಮೇಲೆಯೇ ಸಾಲದ ಕಾಗದಕ್ಕೆ ಸಹಿ ಹಾಕಿ.