ಬೀದರಿಗೂ ಕಡಲಿಗೂ ಏನು ಸಂಬಂಧ?

ಕಡಲಡಿಯ ಕಣಿವೆಗಳು ಕರಾವಳಿಯ ಪ್ರವಾಹಗಳನ್ನು ಹೇಗೆ ತಿರುಗಿಸುತ್ತವೆಂಬುದನ್ನು ನಮ್ಮ ಭಾಗದ ಕಾಲೇಜಿನಲ್ಲಿ ವಿವರಿಸಹೊರಟರೆ, "ಬೀದರಿಗೂ ಕಡಲಿಗೂ ಏನು ಸಂಬಂಧ?" ಎಂಬ ಪ್ರಶ್ನೆ ಏಳದಿರುವುದಿಲ್ಲ. ಪ್ರಶ್ನೆ ಸಹಜವಾದುದೇ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲು ನಮ್ಮಿಂದ ನೂರಾರು ಕಿಲೋಮೀಟರ್ ದೂರ. ಆದರೂ ಕಡಲಿನ ವಿಜ್ಞಾನವು ಕರಾವಳಿಯವರಿಗೆ ಮಾತ್ರ ಮೀಸಲೆಂದು ಭಾವಿಸುವುದು ತಪ್ಪೆಂದೂ, ಆ ತಪ್ಪಿನಿಂದ ನಷ್ಟವಾಗುತ್ತಿರುವುದು ನಮಗೇ ಎಂದೂ ನನ್ನ ಅಭಿಪ್ರಾಯ.

ಮೊದಲು ನದಿಯ ಜಾಡನ್ನು ಹಿಡಿದು ಹೋಗೋಣ. ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟುವ ಮಾಂಜರಾ ನದಿಯು ಭಾಲ್ಕಿ, ಔರಾದ ತಾಲೂಕುಗಳ ನೆಲವನ್ನು ಹಾಯ್ದು, ಕಾರಂಜಾದ ನೀರನ್ನೂ ಕೂಡಿಸಿಕೊಂಡು, ತೆಲಂಗಾಣದ ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ. ಗೋದಾವರಿ ಬಂಗಾಳ ಕೊಲ್ಲಿಗೆ ಬೀಳುವಲ್ಲಿಗೆ ನಮ್ಮ ಭೂಪಟದ ನೀಲಿ ಗೆರೆ ಮುಗಿಯುತ್ತದೆ. ನೆಲದ ರಚನೆ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ತೀರದಿಂದಾಚೆಗೆ ಸ್ವಲ್ಪ ದೂರದವರೆಗೆ ಆಳವಿಲ್ಲದ ಖಂಡಾವರಣ ಪ್ರದೇಶವಿದ್ದು, ಅದರ ಅಂಚಿನಿಂದ ಕಡಲತಳ ಕಡಿದಾಗಿ ಇಳಿಯುತ್ತದೆ. ಕೃಷ್ಣಾ, ಗೋದಾವರಿಗಳ ಮುಖಜಭೂಮಿಗಳ ಮುಂದೆ ಈ ಇಳಿಜಾರನ್ನು ಹಲವು ಕಣಿವೆಗಳು ಸೀಳಿವೆ. 1950ರ ದಶಕದಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಅಮೆರಿಕದ ಸಮುದ್ರವಿಜ್ಞಾನಿ ಯುಜೀನ್ ಲಫಾಂಡರು, 1964ರಲ್ಲಿ ಪೂರ್ವ ಕರಾವಳಿಯ ಇಂತಹ ಮೂರು ಕಣಿವೆಗಳನ್ನು ಆಂಧ್ರ, ಮಹದೇವನ್, ಕೃಷ್ಣಾ ಎಂಬ ಹೆಸರುಗಳಿಂದ ವರ್ಣಿಸಿದರು.

ಕಣಿವೆಯು ಪ್ರವಾಹವನ್ನು ಬದಲಿಸುವ ಬಗೆ ಹೀಗೆ: ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಚಲಿಸುವ ನೀರು ತನ್ನ ಬಲಕ್ಕೆ ವಾಲುತ್ತದೆ. ನಮ್ಮ ಪೂರ್ವ ಕರಾವಳಿಯಲ್ಲಿ ಫೆಬ್ರವರಿಯಿಂದ ಏಪ್ರಿಲಿನವರೆಗೆ ಪ್ರವಾಹ ಉತ್ತರಾಭಿಮುಖವಾಗಿರುತ್ತದೆ. ಆಗ ನೀರು ಬಲಕ್ಕೆ, ಎಂದರೆ ತೀರದಿಂದ ಹೊರಕ್ಕೆ, ಸರಿಯಲೆಳಸುತ್ತದೆ. ಹೊರಗಡಲಿನ ಮಟ್ಟ ತುಸು ಏರಿ, ಅಲ್ಲಿನ ಹೆಚ್ಚಿನ ಒತ್ತಡವು ಅದನ್ನು ತೀರದ ಕಡೆಗೆ ನೂಕುತ್ತದೆ. ಈ ಎರಡರ ಸಮತೋಲದಿಂದ ಪ್ರವಾಹವು ತೀರಕ್ಕೆ ಸಮಾಂತರವಾಗಿ ಸಾಗುತ್ತದೆ. ಆದರೆ ಇಕ್ಕಟ್ಟಾದ ಕಣಿವೆಯೊಳಗೆ ಗೋಡೆಗಳು ಅಡ್ಡಬರುವುದರಿಂದ ನೀರು ತೀರದ ಗುಂಟ ಹರಿಯಲಾರದು. ಹರಿವು ನಿಂತರೆ ಬಲಕ್ಕೆ ವಾಲುವಿಕೆಯೂ ನಿಲ್ಲುತ್ತದೆ. ಒತ್ತಡ ಮಾತ್ರ ಉಳಿಯುತ್ತದೆ. ಆ ಒತ್ತಡವು ಆಳದ ತಣ್ಣೀರನ್ನು ಕಣಿವೆಯ ಗುಂಟ ಮೇಲಕ್ಕೆ ತಳ್ಳುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಪ್ರವಾಹ ದಕ್ಷಿಣಾಭಿಮುಖವಾದಾಗ ಒತ್ತಡದ ದಿಕ್ಕೂ ತಿರುಗಿ, ಕಣಿವೆ ನೀರನ್ನು ಕೆಳಕ್ಕೆ ಸೆಳೆಯುವುದು ನಿಯಮ. ಅಮೆರಿಕದ ಕೊಲಂಬಿಯಾ ನದಿಯ ಮುಖದೆದುರಿಗಿರುವ ಅಸ್ಟೋರಿಯಾ ಕಣಿವೆಯಲ್ಲಿ ಹೀಗೆ ನೀರು ಮೇಲೇರುವುದನ್ನು ಅಳೆದು ನೋಡಲಾಗಿದೆ.

ಮೇಲೇರುವ ನೀರಿನಲ್ಲಿ ನೈಟ್ರೇಟು, ಫಾಸ್ಫೇಟುಗಳಿರುತ್ತವೆ. ಅವುಗಳಿಂದ ಸೂಕ್ಷ್ಮಸಸ್ಯಗಳು ಬೆಳೆಯುತ್ತವೆ. ಸಸ್ಯಗಳನ್ನು ನೆಚ್ಚಿ ಮೀನು ಬದುಕುತ್ತದೆ. ಆದರೆ ಬಂಗಾಳ ಕೊಲ್ಲಿಯಲ್ಲಿ ಇದಕ್ಕೊಂದು ತಡೆಯುಂಟು. ನದಿಗಳ ಸಿಹಿನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ಮುಚ್ಚಳದಂತೆ ಹರಡಿ, ಆಳದ ನೀರು ಮೇಲಕ್ಕೆ ಬೆರೆಯದಂತೆ ತಡೆಯುತ್ತದೆ. ಭಾಲ್ಕಿಯ ಹೊಲದಿಂದ ಹರಿದುಹೋದ ಮಳೆನೀರು ಆ ಮುಚ್ಚಳದಲ್ಲಿ ಒಂದು ಪಾಲನ್ನು ಪಡೆದಿದೆಯೆಂದರೆ ಅದು ಅಲಂಕಾರದ ಮಾತಲ್ಲ.

ಹೂಳಿನ ವಿಚಾರವೂ ಹೀಗೆಯೇ. ನೆಲದ ಮಣ್ಣು ಕಡಲಾಳವನ್ನು ಸೇರುವ ದಾರಿಗಳು ಈ ಕಣಿವೆಗಳು. ಆದರೆ ನಮ್ಮ ಮಣ್ಣು ನಿಜಾಮ್ ಸಾಗರ, ಶ್ರೀರಾಮ ಸಾಗರಗಳನ್ನು ದಾಟಿಯೇ ಮುಂದೆ ಹೋಗಬೇಕು. ಅಣೆಕಟ್ಟುಗಳಾದ ಬಳಿಕ ಗೋದಾವರಿ ಕಡಲಿಗೊಯ್ಯುವ ಹೂಳು ಬಹಳ ಇಳಿದಿದೆ. ಮುಖಜಭೂಮಿಯ ಅಂಚು ಹಲವೆಡೆ ಸವೆಯುತ್ತಿದೆ. ಅಣೆಕಟ್ಟು ಬೇಡವೆಂದು ನಾನು ಹೇಳುತ್ತಿಲ್ಲ. ಬರಗಾಲವನ್ನು ಕಂಡ ಈ ಜಿಲ್ಲೆಯಲ್ಲಿ ಹಾಗೆನ್ನುವುದು ಅವಿವೇಕ. ಆದರೆ ಜಲಾಶಯದಲ್ಲಿ ತುಂಬುವ ಹೂಳನ್ನೂ ಕಡಲಂಚಿನಲ್ಲಿ ಕರಗುವ ನೆಲವನ್ನೂ ಒಂದೇ ಲೆಕ್ಕದ ಎರಡು ಪುಟಗಳೆಂದು ಓದಬಲ್ಲ ತರುಣರು ನಮಗೆ ಬೇಕು.

"ಕುಡಿಯುವ ನೀರಿಗೇ ತಾಪತ್ರಯವಿರುವಾಗ ಕಡಲ ಪಾಠವೇಕೆ?" ಎಂದು ಕೆಲವರು ಕೇಳಬಹುದು. ಇದಕ್ಕೆ ಹಡಗೂ ಬೇಡ, ಬೇರೆ ಪಠ್ಯಪುಸ್ತಕವೂ ಬೇಡ. ಎತ್ತರದ ಮಾಡಿನಿಂದ ಉದ್ದನೆಯ ತಂತಿಯಲ್ಲಿ ಭಾರವಾದ ಗುಂಡನ್ನು ತೂಗಬಿಟ್ಟು, ಫೂಕೋ 1851ರಲ್ಲಿ ಪ್ಯಾರಿಸಿನಲ್ಲಿ ತೋರಿಸಿದ ಪ್ರಯೋಗವನ್ನು ಮಾಡಿದರಾಯಿತು. ಬೀದರಿನ ಅಕ್ಷಾಂಶದಲ್ಲಿ ಲೋಲಕದ ತೂಗಾಟದ ದಿಕ್ಕು ಗಂಟೆಗೆ ಸುಮಾರು 4.6 ಡಿಗ್ರಿ ತಿರುಗಬೇಕು. ಪೂರ್ಣ ಸುತ್ತಿಗೆ ಸುಮಾರು 78 ಗಂಟೆ. ಕಡಲ ಪ್ರವಾಹವನ್ನು ಬಲಕ್ಕೆ ವಾಲಿಸುವ ಕಾರಣವೇ ಇಲ್ಲಿಯೂ ಕಣ್ಣಿಗೆ ಕಾಣುತ್ತದೆ. ಇನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಂಜರಾದಿಂದ ಒಂದು ಲೀಟರ್ ನೀರು ತಂದು, ಸೋಸಿ, ಒಣಗಿಸಿ, ಹೂಳನ್ನು ತೂಗಲು ಒಂದು ತಕ್ಕಡಿ ಸಾಕು. ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳು ಇದನ್ನು ಹತ್ತು ವರ್ಷ ಬಿಡದೆ ನಡೆಸಿದರೆ, ಆ ಅಂಕಿಗಳು ಜಲಾಶಯದ ಎಂಜಿನಿಯರಿಗೂ ಬೇಕಾಗುವವು, ಕಡಲ ವಿಜ್ಞಾನಿಗೂ ಬೇಕಾಗುವವು.

ಸಂಬಂಧವೇನೆಂದು ಮುಂದಿನ ಬಾರಿ ಯಾರಾದರೂ ಕೇಳಿದರೆ, ಅವರನ್ನು ಮಳೆಗಾಲದ ಮಾಂಜರಾದ ದಡಕ್ಕೆ ಕರೆದೊಯ್ದು ಆ ಕೆಂಪು ನೀರನ್ನು ತೋರಿಸಿರಿ. ಅದು ಹೊರಟಿರುವುದು ಕಡಲಿಗೆ. ಅದು ಒಯ್ಯುತ್ತಿರುವುದು ನಮ್ಮ ಹೊಲದ ಮಣ್ಣನ್ನು.