ಜರಡಿ ಹಿಡಿದ ಕೈ ನಮ್ಮದು

ಆಫ್ರಿಕಾದ ಆನೆಗಳಲ್ಲಿ ಗಂಡಿನಂತೆ ಹೆಣ್ಣಿಗೂ ದಂತ ಇರುವುದು ಸಹಜ. ಆದರೆ ಮೊಜಾಂಬಿಕ್‌ನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದಲ್ಲಿ ದಂತವಿಲ್ಲದ ಹೆಣ್ಣಾನೆಗಳು ಹಿಂಡುಹಿಂಡಿನಲ್ಲೂ ಕಾಣಸಿಗುತ್ತವೆ. ಅಲ್ಲಿ 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡೂ ಕಡೆಯ ಪಡೆಗಳು ಖರ್ಚಿಗಾಗಿ ದಂತ ಮಾರಿದವು. ಶೇ 90ರಷ್ಟು ಆನೆಗಳು ನಾಶವಾದವು. ಯುದ್ಧಕ್ಕೆ ಮೊದಲು ದಂತವಿಲ್ಲದ ಹೆಣ್ಣಾನೆಗಳ ಪಾಲು ಶೇ 18ರ ಆಸುಪಾಸಿನಲ್ಲಿತ್ತು. ಆಮೇಲೆ ಅದು ಶೇ 50 ದಾಟಿತು. ದಂತವಿಲ್ಲದ ಆನೆಗೆ ಗುಂಡು ಹೊಡೆದು ಯಾರಿಗೂ ಲಾಭವಿರಲಿಲ್ಲ, ಹಾಗಾಗಿ ಅವು ಬದುಕಿದವು. ಯುದ್ಧದ ನಂತರ ಹುಟ್ಟಿದ ಹೆಣ್ಣುಮರಿಗಳಲ್ಲೂ ಮೂರರಲ್ಲೊಂದಕ್ಕೆ ದಂತ ಮೂಡಲಿಲ್ಲ.

ಈ ಉಳಿವಿಗೆ ತೆತ್ತ ಬೆಲೆ ಎಷ್ಟೆಂಬುದು 2021ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಬಂದ ಅಧ್ಯಯನದಿಂದ ತಿಳಿಯಿತು. ದಂತವನ್ನು ಇಲ್ಲವಾಗಿಸುವ ಗುಣ ಎಕ್ಸ್ ವರ್ಣತಂತುವಿನಲ್ಲಿದೆ. ಅದನ್ನು ಪಡೆದ ಗಂಡುಮರಿ ಗರ್ಭದಲ್ಲೇ ಉಳಿಯದೆಂದು ಸಂಶೋಧಕರು ನಿರ್ಣಯಿಸಿದರು. ತಾಯಿಯನ್ನು ಗುಂಡಿನಿಂದ ಕಾದ ಗುಣವೇ ಅವಳ ಗಂಡುಮಕ್ಕಳಲ್ಲಿ ಅರ್ಧದಷ್ಟನ್ನು ಕಸಿಯುತ್ತಿದೆ.

ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಇದೇ. ಅದಕ್ಕೆ ಲಕ್ಷಾಂತರ ವರ್ಷ ಬೇಕೆಂಬ ನಮ್ಮ ನಂಬಿಕೆಯನ್ನು 15 ವರ್ಷಗಳ ಯುದ್ಧ ಸುಳ್ಳಾಗಿಸಿದೆ. ಬರ, ರೋಗ, ಹಸಿವುಗಳು ಹಿಡಿದಿದ್ದ ಜರಡಿಗೆ ಈಗ ಮನುಷ್ಯನೂ ಕೈ ಹಾಕಿದ್ದಾನೆ.

ಹತ್ತು ಲಕ್ಷ ವರ್ಷಗಳಾಚೆ ಮನುಷ್ಯ ಹೇಗಿರುತ್ತಾನೆ, ತಲೆ ದೊಡ್ಡದಾಗುತ್ತದೆಯೇ ಎಂದು ಊಹಿಸುವುದು ಸುಲಭ. ನಾವು ಏನನ್ನು ಉಳಿಸಿ ಹೋಗುತ್ತೇವೆ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. 6.6 ಕೋಟಿ ವರ್ಷಗಳ ಹಿಂದೆ ದೈತ್ಯ ಡೈನೋಸಾರ್‌ಗಳು ಅಳಿದಾಗ ಕೆಲವು ಸಣ್ಣ ಸಸ್ತನಿಗಳು ಉಳಿದುಕೊಂಡವು. ಆನೆ, ತಿಮಿಂಗಿಲ, ಮನುಷ್ಯ ಎಲ್ಲರೂ ಅವುಗಳ ಸಂತಾನವೇ. ವಿಕಾಸಕ್ಕೆ ಮುಂಗಾಣ್ಕೆಯಿಲ್ಲ; ಉಳಿದದ್ದರಿಂದಲೇ ಅದು ಮುಂದಿನದನ್ನು ಕಟ್ಟುತ್ತದೆ. ಸೂರ್ಯನ ಕಾವು ಏರಿ ಸಾಗರಗಳು ಬತ್ತಲು ಇನ್ನೂ ಸುಮಾರು 100 ಕೋಟಿ ವರ್ಷವಿದೆ ಎಂಬುದು ವಿಜ್ಞಾನಿಗಳ ಅಂದಾಜು. ಅಷ್ಟು ದೀರ್ಘ ಕಾಲದ ಬಿತ್ತನೆ ಬೀಜವನ್ನು ನಮ್ಮ ಒಂದೆರಡು ತಲೆಮಾರು ಆರಿಸುತ್ತಿದೆ.

ನಮ್ಮ ಕಾಡುಗಳಲ್ಲಿರುವ ಏಷ್ಯಾದ ಆನೆಗಳಲ್ಲಿ ಗಂಡಿಗೆ ಮಾತ್ರ ದೊಡ್ಡ ದಂತ. ದಂತವಿಲ್ಲದ ಗಂಡಿಗೆ ಮಖ್ನಾ ಎನ್ನುತ್ತೇವೆ. ನೆಲ ಮುಟ್ಟುವಂತಿದ್ದ ದಂತಗಳ ಭೋಗೇಶ್ವರ ಎಂಬ ಸಲಗ ಕಬಿನಿ ಹಿನ್ನೀರಿನಲ್ಲಿ ವರ್ಷಗಟ್ಟಲೆ ಓಡಾಡಿ, 2022ರ ಜೂನ್‌ನಲ್ಲಿ ವಯಸ್ಸಾಗಿ ಸತ್ತ. ವೀರಪ್ಪನ್ ತಂಡದಂಥ ದಂತಚೋರರು ಸಲಗಗಳನ್ನೇ ಹುಡುಕಿ ಕೊಂದ ಕಾಲವನ್ನು ಕಂಡ ಕಾಡಿನಲ್ಲಿ ಅಂಥ ಸಾವು ಸಣ್ಣ ಮಾತಲ್ಲ.

ದಂತ ಹೋದರೇನು, ಮಖ್ನಾ ಬದುಕುವುದಿಲ್ಲವೇ ಎಂದು ಕೇಳಬಹುದು. ಬದುಕುತ್ತದೆ. ಆದರೆ ತೊಗಟೆ ಸುಲಿಯಲು, ಮಣ್ಣು ಕೆದಕಿ ಉಪ್ಪು ತಿನ್ನಲು ದಂತ ನೆರವಾಗುತ್ತದೆ. ನಾಳಿನ ಬರಕ್ಕೋ ರೋಗಕ್ಕೋ ಯಾವ ಗುಣ ಬೇಕಾದೀತೆಂದು ಇಂದು ಯಾರೂ ಬಲ್ಲವರಿಲ್ಲ. ಜೀನ್ ತಿದ್ದುವ ತಂತ್ರಜ್ಞಾನ ಬಂದಿದ್ದರೂ, ಯಾವುದನ್ನು ತಿದ್ದಬೇಕೆಂದು ಗೊತ್ತಿದ್ದರಷ್ಟೇ ಅದು ಉಪಯೋಗಕ್ಕೆ ಬರುತ್ತದೆ. ಗೊತ್ತಿಲ್ಲದ ನಾಳೆಗೆ ವೈವಿಧ್ಯವೊಂದೇ ಬಂಡವಾಳ.

ಆದ್ದರಿಂದ ದಂತಬೇಟೆಯ ಮೇಲಿನ ಕಾವಲು ಸಡಿಲವಾಗಬಾರದು. ಹಿಂಡುಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ಆನೆದಾರಿಗಳು ಮುಚ್ಚಬಾರದು. ಮುಚ್ಚಿದರೆ ಪುಟ್ಟ ಗುಂಪುಗಳಲ್ಲಿ ಒಳಸಂಬಂಧ ಬೆಳೆದು ವಂಶ ಕ್ಷೀಣಿಸುತ್ತದೆ. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಗಾಗಿ ಖಾಸಗಿ ಜಮೀನನ್ನೇ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದ ಉದಾಹರಣೆ ನಮ್ಮಲ್ಲೇ ಇದೆ. ಉಳಿದ ಆನೆದಾರಿಗಳನ್ನೂ ಸರ್ಕಾರ ಹೀಗೆಯೇ ಕಾಯಲಿ.