ಸಂಶೋಧನಾ ಲೇಖನ ಮತ್ತು ಅದರ ಹಿಂದಿನ ದತ್ತಾಂಶ: ಬಿಕಾನೇರಿ ನರ್ಮಾ ಬಿಟಿ ಹತ್ತಿಯ ಪ್ರಕರಣ ಹಾಗೂ ಅರ್ಜಿದಾರರಿಗಿರುವ ಅವಕಾಶಗಳು

ಪೀಠಿಕೆ

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಐರಣಿಯು ತುಂಗಭದ್ರಾ ನದಿಯ ದಡದಲ್ಲಿರುವ, ಹಳೆಯ ಕೋಟೆಗೂ ಕಂಬಳಿ ನೇಯ್ಗೆಗೂ ಹೆಸರಾದ ಗ್ರಾಮವಾಗಿರುತ್ತದೆ. ಐರಣಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಭಾಗದ ರೈತರು ಪ್ರತಿ ಮುಂಗಾರಿನಲ್ಲಿಯೂ ಬಿತ್ತನೆ ಬೀಜ, ಬೆಳೆ ವಿಮೆ, ಮಣ್ಣು ಪರೀಕ್ಷೆ ಮೊದಲಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುತ್ತಾರೆ. ಸದರಿ ಸೇವೆಗಳ ಮೂಲದಲ್ಲಿ ಯಾವುದೋ ಒಂದು ಸಂಶೋಧನೆಯಿರುತ್ತದೆ. ತಳಿಯನ್ನು ಶಿಫಾರಸು ಮಾಡುವ ಮೊದಲು ಪ್ರಯೋಗಗಳು ನಡೆದಿರುತ್ತವೆ, ಅವುಗಳ ಫಲಿತಾಂಶವು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿರುತ್ತದೆ. ಆದರೆ ಪ್ರಕಟವಾಗುವುದು ಐದಾರು ಪುಟಗಳ ಲೇಖನ ಮಾತ್ರ. ಅಳತೆಯ ಪುಸ್ತಕಗಳು, ಪ್ರಯೋಗಾಲಯದ ಮೂಲ ಚಿತ್ರಗಳು, ಲೆಕ್ಕ ಮಾಡಿದ ಗಣಕ ಪ್ರೋಗ್ರಾಂ ಇವೆಲ್ಲವೂ ಸಾಮಾನ್ಯವಾಗಿ ಸಂಶೋಧಕರ ಬಳಿಯೇ ಉಳಿಯುತ್ತವೆ.

ಲೇಖನದ ಜೊತೆಗೆ ಇವುಗಳನ್ನೂ ಮುಕ್ತವಾಗಿ ಪ್ರಕಟಿಸಬೇಕೆಂಬ ಒತ್ತಾಯವು ಕಳೆದ ಎರಡು ದಶಕಗಳಲ್ಲಿ ಬಲಗೊಂಡಿದೆ. ಇದು ವಿಜ್ಞಾನಿಗಳ ಆಂತರಿಕ ವಿಷಯವೆಂದು ನಾಗರಿಕರು ಭಾವಿಸುವುದುಂಟು. ಹಾಗಲ್ಲವೆಂಬುದನ್ನು ಧಾರವಾಡದ ಹೆಸರಿನೊಂದಿಗೆ ಸೇರಿಕೊಂಡಿರುವ ಹತ್ತಿಯ ಒಂದು ಪ್ರಕರಣವು ತೋರಿಸುತ್ತದೆ.

ಹಿನ್ನೆಲೆ

ಹತ್ತಿಯ ಸಂಶೋಧನೆಯಲ್ಲಿ ಧಾರವಾಡಕ್ಕೆ ಹಿರಿದಾದ ಸ್ಥಾನವಿದೆ. 1972ರಲ್ಲಿ ಬಿಡುಗಡೆಯಾದ ‘ವರಲಕ್ಷ್ಮೀ’ ಸಂಕರಣ ತಳಿಯು ಬಿ.ಎಚ್. ಕಟರಕಿ ಅವರು ಧಾರವಾಡದಲ್ಲಿ ನಡೆಸಿದ ಸಂಶೋಧನೆಯ ಫಲ. ಸಂಕರಣ ಬೀಜವು ಅಧಿಕ ಇಳುವರಿ ನೀಡಿತು. ಅದರೊಂದಿಗೆ ಪ್ರತಿ ವರ್ಷವೂ ಹೊಸದಾಗಿ ಬೀಜ ಕೊಳ್ಳುವ ಅನಿವಾರ್ಯತೆಯೂ ಬಂದಿತು.

2002ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಕಾಯಿಕೊರಕ ನಿರೋಧಕ ಬಿಟಿ ಹತ್ತಿಗೆ ಮೊದಲ ಬಾರಿ ಅನುಮತಿ ನೀಡಿತು. ಅನುಮತಿ ಪಡೆದವು ಮಹಿಕೋ-ಮೊನ್ಸಾಂಟೊ ಸಂಸ್ಥೆಯ ಸಂಕರಣ ತಳಿಗಳು. ಬೀಜವನ್ನು ಮನೆಯಲ್ಲಿಯೇ ಎತ್ತಿಟ್ಟು ಮರುವರ್ಷ ಬಿತ್ತಬಹುದಾದ ಬಿಟಿ ತಳಿಯೊಂದು ಸರ್ಕಾರಿ ಸಂಶೋಧನೆಯಿಂದ ಬರಬೇಕೆಂಬ ನಿರೀಕ್ಷೆ ಆಗಲೇ ಇತ್ತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದ 39ನೇ ಪ್ರಕರಣವು ಬೀಜವನ್ನು ಉಳಿಸಿಕೊಳ್ಳುವ, ಮರುಬಿತ್ತುವ ಹಾಗೂ ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ನೀಡಿದೆ. ಬ್ರಾಂಡ್ ಹೆಸರಿನಲ್ಲಿ ಮಾರುವುದು ಮಾತ್ರ ಇದರಲ್ಲಿ ಸೇರಿರುವುದಿಲ್ಲ. ಆದರೆ ಸಂಕರಣ ಬೀಜದ ವಿಷಯದಲ್ಲಿ ಈ ಹಕ್ಕು ಕಾಗದದ ಮೇಲಿನ ಹಕ್ಕೇ ಸರಿ, ಏಕೆಂದರೆ ಎರಡನೆಯ ಪೀಳಿಗೆಯಲ್ಲಿ ಬೆಳೆ ಒಂದೇ ಸಮನಾಗಿ ಬರುವುದಿಲ್ಲ.

ಈ ನಿರೀಕ್ಷೆಗೆ ಉತ್ತರವಾಗಿ ಬಂದದ್ದು ಬಿಕಾನೇರಿ ನರ್ಮಾ ಬಿಟಿ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ನವದೆಹಲಿಯ ರಾಷ್ಟ್ರೀಯ ಸಸ್ಯ ಜೈವಿಕ ತಂತ್ರಜ್ಞಾನ ಸಂಶೋಧನಾ ಕೇಂದ್ರ ಜಂಟಿಯಾಗಿ ಇದನ್ನು ರೂಪಿಸಿದವು. ಇದು ಸಂಕರಣವಲ್ಲ, ತಳಿ. ಇದಕ್ಕೆ ಸಂಬಂಧಿಸಿದ ವೈಜ್ಞಾನಿಕ ಲೇಖನವು 2007ರ ಡಿಸೆಂಬರ್ ತಿಂಗಳಿನಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2008ರಲ್ಲಿ ಅನುಮತಿ ದೊರೆತು, 2009ರ ಹಂಗಾಮಿಗೆ ಬೀಜ ಮಾರುಕಟ್ಟೆಗೆ ಬಂದಿತು.

ಒಂದೇ ಹಂಗಾಮಿನ ನಂತರ ಬೀಜೋತ್ಪಾದನೆ ಮತ್ತು ಮಾರಾಟವನ್ನು ನಿಲ್ಲಿಸಲಾಯಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಎಸ್.ಕೆ. ಸೊಪೋರಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಿತು. 2012ರ ಡಿಸೆಂಬರ್ ತಿಂಗಳಿನಲ್ಲಿ ಹೊರಬಂದ ಅದರ ವರದಿಯು ಸದರಿ ತಳಿಯಲ್ಲಿ ಮೊನ್ಸಾಂಟೊ ಕಂಪನಿಯ ‘ಮಾನ್-531’ ಇವೆಂಟ್ ಇರುವುದನ್ನು ದಾಖಲಿಸಿತು. ಅದು ಹೇಗೆ ಸೇರಿತು, ಯಾವ ಹಂತದಲ್ಲಿ ಸೇರಿತು ಎಂಬ ವಿವಾದದಲ್ಲಿ ಯಾರ ಮೇಲೂ ದೋಷಾರೋಪ ಮಾಡುವುದು ಈ ಪುಟದ ಉದ್ದೇಶವಲ್ಲ.

ಲೇಖನ ಮುಕ್ತವಾಗಿತ್ತು, ದತ್ತಾಂಶ ಇರಲಿಲ್ಲ

ಇವೆಂಟ್ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದು ಅವಶ್ಯಕ. ಹೊರಗಿನ ಜೀನನ್ನು ಗಿಡದೊಳಗೆ ಸೇರಿಸಿದಾಗ ಅದು ವರ್ಣತಂತುವಿನ ಯಾವುದಾದರೊಂದು ಜಾಗದಲ್ಲಿ ಹೋಗಿ ಕೂರುತ್ತದೆ. ಒಂದೇ ಜೀನು ಬೇರೆ ಬೇರೆ ಜಾಗದಲ್ಲಿ ಕೂತರೆ ಅವು ಬೇರೆ ಬೇರೆ ಇವೆಂಟುಗಳು. ಭೂ ದಾಖಲೆಗಾಗಿ ಅರ್ಜಿ ಹಾಕಿದವರಿಗೆ ಇದು ಸುಲಭವಾಗಿ ಅರ್ಥವಾದೀತು: ಜೀನು ಮನೆಯಿದ್ದಂತೆ, ಇವೆಂಟ್ ಆ ಮನೆಯ ಸರ್ವೆ ನಂಬರು ಮತ್ತು ಚಕ್ಕುಬಂದಿ ಇದ್ದಂತೆ. ಊರಿನಲ್ಲಿ ಒಂದೇ ನಕ್ಷೆಯ ಹತ್ತು ಮನೆಗಳಿರಬಹುದು. ಯಾವ ಮನೆ ಯಾರದೆಂದು ತೀರ್ಮಾನಿಸುವುದು ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ ಎಂಬ ವಿವರದಿಂದ ಮಾತ್ರ. ಜೀನಿನ ಅಕ್ಕಪಕ್ಕದ ಡಿಎನ್‌ಎ ಕ್ರಮವೇ ಇವೆಂಟಿನ ಚಕ್ಕುಬಂದಿ.

ಗಿಡದಲ್ಲಿ ಬಿಟಿ ಜೀನು ಇದೆಯೆಂದು ಲೇಖನ ತೋರಿಸಬಲ್ಲದು. ಅದು ತಮ್ಮದೇ ಇವೆಂಟ್ ಎಂದು ಇತರರಿಗೆ ಖಚಿತವಾಗಬೇಕಾದರೆ ಅಕ್ಕಪಕ್ಕದ ಕ್ರಮ, ಅದನ್ನು ಗುರುತಿಸುವ ಪರೀಕ್ಷೆಯ ವಿವರ, ಮೂಲ ಚಿತ್ರಗಳು ಹಾಗೂ ಯಾವ ಗಿಡದ ಬೀಜ ಯಾವ ಪೀಳಿಗೆಗೆ ಹೋಯಿತೆಂಬ ವಹಿ ಲಭ್ಯವಿರಬೇಕು. ಇವಿಷ್ಟು ಸಾರ್ವಜನಿಕ ಭಂಡಾರದಲ್ಲಿ ಇದ್ದರೆ ಸಾಧಾರಣ ಸೌಲಭ್ಯವುಳ್ಳ ಪ್ರಯೋಗಾಲಯವೂ ಕೆಲವು ಎಲೆಗಳನ್ನು ತೆಗೆದುಕೊಂಡು ತಾಳೆ ನೋಡಬಹುದು. ಆಗ ಬೇರೆ ಇವೆಂಟ್ ಬೆರೆತಿರುವುದು ಬೀಜವು ಚೀಲ ಸೇರುವ ಮೊದಲೇ ಕಾಣುವ ಸಂಭವ ಹೆಚ್ಚು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕರೆಂಟ್ ಸೈನ್ಸ್ ಪತ್ರಿಕೆಯ ಲೇಖನಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಓದಬಹುದು. ಲೇಖನಗಳನ್ನು ಮುಕ್ತಗೊಳಿಸುವುದರಲ್ಲಿ ಕರ್ನಾಟಕವು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿಯೇ ತನ್ನ ಲೇಖನಗಳ ಮುಕ್ತ ಭಂಡಾರವನ್ನು ಆರಂಭಿಸಿತ್ತು. ಬಿಕಾನೇರಿ ನರ್ಮಾ ಪ್ರಕರಣದಲ್ಲಿ ಓದುಗರಿಗೆ ತೊಡಕಾದದ್ದು ಪತ್ರಿಕೆಯ ಚಂದಾ ದರವಲ್ಲ. ಲೇಖನವನ್ನು ಪೂರ್ತಿ ಓದಿದವರಿಗೂ ತಾಳೆ ನೋಡಲು ಬೇಕಾದ ವಸ್ತು ಕೈಗೆ ಸಿಗುತ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿ ವೆಚ್ಚದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳಿಗೆ ಅದರಿಂದ ಅನುಕೂಲವಾಗುವುದು ನಿಜ, ಆದರೆ ಅದು ಕೊಡಿಸುವುದು ಲೇಖನಗಳನ್ನೇ ಹೊರತು ಅವುಗಳ ಹಿಂದಿನ ದತ್ತಾಂಶವನ್ನಲ್ಲ.

ಲೆಕ್ಕದ ಹಾಳೆಯೂ ದತ್ತಾಂಶವೇ

ಗಣಕ ಪ್ರೋಗ್ರಾಂ ಮತ್ತು ಲೆಕ್ಕದ ಹಾಳೆಯನ್ನು ಏಕೆ ಪ್ರಕಟಿಸಬೇಕೆಂಬ ಪ್ರಶ್ನೆಗೆ ಹೊರದೇಶದ ಉದಾಹರಣೆ ಸಾಕು. ಸರ್ಕಾರದ ಸಾಲವು ದೇಶದ ಉತ್ಪನ್ನದ ಶೇ. 90ನ್ನು ಮೀರಿದರೆ ಬೆಳವಣಿಗೆ ಕುಸಿಯುತ್ತದೆಂದು 2010ರಲ್ಲಿ ಅಮೆರಿಕದ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು ಬರೆದರು. ಅನೇಕ ದೇಶಗಳ ವೆಚ್ಚ ಕಡಿತದ ಚರ್ಚೆಯಲ್ಲಿ ಅದನ್ನು ಉಲ್ಲೇಖಿಸಲಾಯಿತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ಲೇಖಕರಿಂದಲೇ ಲೆಕ್ಕದ ಹಾಳೆಯನ್ನು ಕೇಳಿ ಪಡೆದು ನೋಡಿದಾಗ, ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಇದನ್ನೂ ಲೆಕ್ಕದ ಇತರ ದೋಷಗಳನ್ನೂ ಸರಿಪಡಿಸಿದ ನಂತರ, ಕುಸಿತವೆಂದು ಹೇಳಿದ್ದ ಜಾಗದಲ್ಲಿ ಶೇ. 2.2ರ ಬೆಳವಣಿಗೆ ಬಂದಿತು. ಹಾಳೆಯನ್ನು ಮೊದಲೇ ಪ್ರಕಟಿಸಿದ್ದರೆ ಮೂರು ವರ್ಷ ಕಾಯಬೇಕಾಗಿರಲಿಲ್ಲ. ಕೇಳಿದಾಗ ಕೊಟ್ಟ ಲೇಖಕರ ಸೌಜನ್ಯವನ್ನೂ ಇಲ್ಲಿ ಹೇಳಬೇಕಾಗುತ್ತದೆ, ಎಲ್ಲರೂ ಕೊಡುವುದಿಲ್ಲ.

ಬಿಟಿ ಬದನೆ: ದತ್ತಾಂಶ ಹೊರಬಂದ ಬಗೆ

ಇದೇ ಅವಧಿಯಲ್ಲಿ ಬಿಟಿ ಬದನೆಯ ವಿಷಯವು ಬೇರೆ ದಾರಿ ಹಿಡಿಯಿತು. ಅದರ ಸುರಕ್ಷತಾ ಪರೀಕ್ಷೆಗಳ ವಿವರಗಳು ವಾಣಿಜ್ಯ ಗೌಪ್ಯವೆಂಬ ನಿಲುವಿನಿಂದ ಮೊದಲು ಬಹಿರಂಗವಾಗಿರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ ಹಾಗೂ 2008ರ ಸುಪ್ರೀಂ ಕೋರ್ಟ್ ನಿರ್ದೇಶನ ಇವುಗಳ ಫಲವಾಗಿ ವಿಷಕಾರಕತೆ ಮತ್ತು ಅಲರ್ಜಿ ಪರೀಕ್ಷೆಗಳ ದತ್ತಾಂಶವನ್ನು ಸಾರ್ವಜನಿಕಗೊಳಿಸಲಾಯಿತು. ಹೊರಗಿನ ವಿಜ್ಞಾನಿಗಳು ಅದನ್ನು ಪರಿಶೀಲಿಸಿ ಪರ ವಿರೋಧ ಎರಡನ್ನೂ ಬರೆದರು. 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಯಿತು, ಅದೇ ತಿಂಗಳ 9ರಂದು ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅವರು ತಡೆಯನ್ನು ಪ್ರಕಟಿಸಿದರು. ತೀರ್ಮಾನ ಸರಿಯೋ ತಪ್ಪೋ ಎಂಬ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೆ ವಾದ ಮಾಡಿದವರೆಲ್ಲರ ಮುಂದೆ ಒಂದೇ ಕಡತವಿತ್ತು. ಹತ್ತಿಯ ವಿಷಯದಲ್ಲಿ ಹಾಗಿರಲಿಲ್ಲ, ಮತ್ತು ಹತ್ತಿಯದು ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯಾಗಿತ್ತೆಂಬುದು ಈ ಹೋಲಿಕೆಯನ್ನು ಇನ್ನಷ್ಟು ವಿಚಿತ್ರವಾಗಿಸುತ್ತದೆ.

ಈಗಿರುವ ನೀತಿಗಳು

2012ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯನ್ನು ಹೊರಡಿಸಿತು. 2013ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, 2014ರಲ್ಲಿ ಕೇಂದ್ರದ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ಮುಕ್ತ ಲಭ್ಯತೆಯ ನೀತಿಗಳನ್ನು ಪ್ರಕಟಿಸಿದವು. ಜೈವಿಕ ದತ್ತಾಂಶಕ್ಕೆ ಸಂಬಂಧಿಸಿದಂತೆ 2021ರಲ್ಲಿ ಮಾರ್ಗಸೂಚಿ ಬಂದಿದ್ದು, 2022ರ ನವೆಂಬರ್‌ನಲ್ಲಿ ಫರೀದಾಬಾದ್‌ನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರವು ಉದ್ಘಾಟನೆಗೊಂಡಿದೆ. ಇಂದು ಬಿಕಾನೇರಿ ನರ್ಮಾದಂತಹ ತಳಿಯೊಂದು ಸಿದ್ಧವಾದರೆ ಅದರ ಡಿಎನ್‌ಎ ಕ್ರಮವನ್ನು ಇಡಲು ದೇಶದೊಳಗೇ ಒಂದು ಜಾಗವಿದೆ.

ಜಾಗವಿರುವುದು ಬೇರೆ, ತಂದು ಇಡುವುದು ಬೇರೆ. ಸಂಶೋಧಕರ ಅಳುಕಿಗೆ ಕಾರಣಗಳಿಲ್ಲದಿಲ್ಲ. ವರ್ಷಗಟ್ಟಲೆ ಹೊಲದಲ್ಲಿ ನಿಂತು ತೆಗೆದ ಅಳತೆಯನ್ನು ಬೇರೊಬ್ಬರು ಒಂದು ದಿನದಲ್ಲಿ ಬಳಸಿ ಹೆಸರು ಪಡೆದಾರೆಂಬ ಭಯ ಸಹಜವಾದುದೇ. ದತ್ತಾಂಶವನ್ನು ಒಪ್ಪ ಮಾಡಿ ವಿವರಣೆ ಬರೆಯಲು ಪ್ರತ್ಯೇಕ ಸಿಬ್ಬಂದಿಯೂ ಬೇಕಾಗುತ್ತದೆ. ಇದಕ್ಕಾಗಿ ಒಂದು ಅಥವಾ ಎರಡು ವರ್ಷಗಳ ಅವಧಿಯನ್ನು ಕಾಯ್ದಿರಿಸುವುದು ನ್ಯಾಯವೇ. ಆದರೆ ಆ ಸಂಶೋಧನೆಯ ಆಧಾರದ ಮೇಲೆ ಬೀಜವನ್ನು ಸಾರ್ವಜನಿಕರಿಗೆ ಮಾರಿದ ನಂತರವೂ ದತ್ತಾಂಶವನ್ನು ತಡೆಹಿಡಿಯಲು ಸಮರ್ಥನೆ ಕಾಣುವುದಿಲ್ಲ. ಬಿತ್ತಿದ ರೈತನು ಬಂಡವಾಳ ಹಾಕಿದ್ದಾಗಿದೆ, ಆತನ ಹಂಗಾಮು ಮರಳಿ ಬರುವುದಿಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ರೈತರ ಹೊಲದಲ್ಲಿಯೇ ಪ್ರಾತ್ಯಕ್ಷಿಕೆ ನಡೆದಾಗ ಹೆಸರು, ಸರ್ವೆ ನಂಬರು, ಮೊಬೈಲ್ ಸಂಖ್ಯೆಗಳೂ ದಾಖಲಾಗುತ್ತವೆ. ಅವುಗಳನ್ನು ತೆಗೆದ ನಂತರವೇ ಉಳಿದುದನ್ನು ಪ್ರಕಟಿಸಬೇಕು.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಧಾರವಾಡದ ಕೃಷಿ ವಿಶ್ವವಿದ್ಯಾಲಯವು 2005ರ ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ ಸಾರ್ವಜನಿಕ ಪ್ರಾಧಿಕಾರವಾಗಿರುತ್ತದೆ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವು ಇದರ ಅಧೀನದಲ್ಲಿದೆ. ತಮ್ಮ ಭಾಗಕ್ಕೆ ಶಿಫಾರಸಾದ ಯಾವುದೇ ತಳಿಯ ಪ್ರಯೋಗದ ದತ್ತಾಂಶವನ್ನು ಕೋರಿ ನಾಗರಿಕರು 6ನೇ ಪ್ರಕರಣದಡಿ ಅರ್ಜಿ ಸಲ್ಲಿಸಬಹುದಾಗಿದೆ. ರಾಜ್ಯದ ನಿಯಮಗಳ ಪ್ರಕಾರ ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ. ಬೇರೆ ಪ್ರಾಧಿಕಾರಕ್ಕೆ ಸೇರಿದ ವಿಷಯವಾದಲ್ಲಿ ಅರ್ಜಿಯನ್ನು ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸತಕ್ಕದ್ದು. ಅರ್ಜಿದಾರರು ಅಲೆಯಬೇಕಾಗಿಲ್ಲ.

‘ತಳಿಯ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಕರಪತ್ರವೊಂದು ಬರಬಹುದು, ಅಷ್ಟೇ. ಪ್ರಯೋಗ ನಡೆದ ವರ್ಷ, ಕೇಂದ್ರ, ತಳಿಯ ಹೆಸರು ಬರೆದು, ತಾಕುವಾರು ಇಳುವರಿ ಅಳತೆಗಳ ಪ್ರತಿಯನ್ನು ಗಣಕ ರೂಪದಲ್ಲಿ ಕೋರುವುದು ಸೂಕ್ತ. ಗಣಕದಲ್ಲಿ ಸಂಗ್ರಹವಾಗಿರುವ ಮಾಹಿತಿಯನ್ನು ಅದೇ ರೂಪದಲ್ಲಿ ಪಡೆಯಲು 2(ಜೆ) ಪ್ರಕರಣದಲ್ಲಿ ಅವಕಾಶವಿದೆ. ಸಂಸ್ಥೆಯು ತನ್ನಲ್ಲಿರುವುದನ್ನು ಕೊಡಬೇಕೇ ಹೊರತು ಹೊಸದಾಗಿ ಲೆಕ್ಕ ಮಾಡಿಕೊಡಬೇಕಾಗಿಲ್ಲ ಎಂಬುದನ್ನು ಅರ್ಜಿದಾರರು ನೆನಪಿಡಬೇಕು.

ಸಂಶೋಧನಾ ದತ್ತಾಂಶವನ್ನು ನಿರಾಕರಿಸುವಾಗ ಸಾಮಾನ್ಯವಾಗಿ 8(1)(ಡಿ) ಉಪಪ್ರಕರಣವನ್ನು, ಅಂದರೆ ವಾಣಿಜ್ಯ ಗೌಪ್ಯತೆ ಮತ್ತು ಬೌದ್ಧಿಕ ಸ್ವತ್ತನ್ನು, ಉಲ್ಲೇಖಿಸಲಾಗುತ್ತದೆ. ವ್ಯಾಪಕ ಸಾರ್ವಜನಿಕ ಹಿತಾಸಕ್ತಿ ಇದ್ದಲ್ಲಿ ಇಂತಹ ಮಾಹಿತಿಯನ್ನೂ ನೀಡಬಹುದೆಂದು ಅದೇ ಉಪಪ್ರಕರಣ ಹೇಳುತ್ತದೆ. ಆದುದರಿಂದ ಬೀಜವು ಈಗಾಗಲೇ ಮಾರಾಟದಲ್ಲಿದೆ ಎಂಬ ಅಂಶವನ್ನು ಅರ್ಜಿಯಲ್ಲಿಯೇ ಕಾಣಿಸುವುದು ಒಳಿತು. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ) ಉಪಪ್ರಕರಣವು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಮೂಲಕ ತಿದ್ದುಪಡಿಯಾಗಿದ್ದು, 2025ರ ನವೆಂಬರ್‌ನಿಂದ ಜಾರಿಯಲ್ಲಿದೆ. ಇತರ ರೈತರ ಹೆಸರು ವಿಳಾಸಗಳು ತಮಗೆ ಬೇಡವೆಂದು ಅರ್ಜಿಯಲ್ಲಿ ಸ್ಪಷ್ಟಪಡಿಸಿದರೆ ಈ ಕಾರಣದ ನಿರಾಕರಣೆಗೆ ಆಸ್ಪದ ಕಡಿಮೆಯಾಗುತ್ತದೆ.

ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುತ್ತದೆ. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಾಗಿರದಿದ್ದಲ್ಲಿ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಂದ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ. ಬಿತ್ತಿದ ಬೀಜದ ಖಾಲಿ ಚೀಲ, ಅದರ ಮೇಲಿನ ಲಾಟ್ ಸಂಖ್ಯೆ ಹಾಗೂ ರಸೀದಿಯನ್ನು ಕಟಾವು ಮುಗಿಯುವವರೆಗೆ ಎತ್ತಿಡಬೇಕು. ದತ್ತಾಂಶ ಕೈಗೆ ಬಂದಾಗ ತಾಳೆ ನೋಡಲು ರೈತರ ಬಳಿ ಇರುವ ದಾಖಲೆ ಅದೇ.